ಕತ್ತಲ ಕಾಲದ ದೀಪಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯವಳು. ನಾಲ್ಕು ಚಳಿಗಾಲ ಸ್ವೀಡನ್‌ನಲ್ಲಿ ಕಳೆದಿದ್ದೇನೆ. ಆಗಿನಿಂದ ಅಕ್ಟೋಬರ್ ಬಂತೆಂದರೆ ಸಾಕು, ನೆಂಟರು, ಗೆಳತಿಯರು, ಹೊಸದಾಗಿ ಪರದೇಶಕ್ಕೆ ಹೋದ ಹುಡುಗರು ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಕೆಲವು ಫೋನಿನಲ್ಲಿ, ಕೆಲವು ಪತ್ರದಲ್ಲಿ, ಕೆಲವು ಮದುವೆಮನೆ ಪಂಕ್ತಿಯಲ್ಲಿ ಹೋಳಿಗೆ ಬರುವ ಮೊದಲು. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಬೇಕಾದ್ದನ್ನಷ್ಟೇ ಓದಿಕೊಳ್ಳಬಹುದು.

## ಮೊದಮೊದಲ ಪ್ರಶ್ನೆಗಳು

ಚಳಿಗಾಲದಲ್ಲೇ ಯಾಕೆ ಇಷ್ಟೊಂದು ದೀಪದ ಹಬ್ಬ?

ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿಕೊಂಡಿದೆ. ಹಾಗಾಗಿ ಡಿಸೆಂಬರ್‌ನಲ್ಲಿ ಉತ್ತರದ ಅರ್ಧ ಸೂರ್ಯನಿಂದ ಆಚೆಗೆ ಬಾಗಿರುತ್ತದೆ. ಡಿಸೆಂಬರ್ 21 ಅಥವಾ 22 ವರ್ಷದ ಅತಿ ಉದ್ದದ ರಾತ್ರಿ. ಸ್ಟಾಕ್‌ಹೋಮ್‌ನಲ್ಲಿ ಆ ದಿನದ ಹಗಲು ಬರೀ ಆರು ಗಂಟೆ. ಮಧ್ಯಾಹ್ನದ ಊಟ ಮುಗಿಸಿ ಪಾತ್ರೆ ತೊಳೆಯುವಷ್ಟರಲ್ಲಿ ಹೊರಗೆ ಕತ್ತಲು. ನಾರ್ವೆಯ ಟ್ರೊಮ್ಸೊ ಊರಿನಲ್ಲಂತೂ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಅಂಥ ಕಡೆ ದೀಪ ಬೇಕು ಅನ್ನಿಸುವುದಕ್ಕೆ ಪುರಾಣ ಬೇಕಾಗಿಲ್ಲ.

ಆದರೆ ಇದು ಉತ್ತರದ ದೇಶಗಳ ಉತ್ತರ. ಎಲ್ಲ ಹಬ್ಬಕ್ಕೂ ಇದೇ ಕಾರಣ ಅಂಟಿಸಲು ಹೋದರೆ ತಪ್ಪುತ್ತೇವೆ.

ನಮ್ಮೂರಲ್ಲಿ ಅಷ್ಟೇನೂ ಕತ್ತಲಾಗಲ್ವಲ್ಲ? ಮತ್ತೆ ನಮಗ್ಯಾಕೆ ಇಷ್ಟು ದೀಪ?

ಸರಿಯಾದ ಪ್ರಶ್ನೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಸುಮಾರು 11 ಗಂಟೆ 20 ನಿಮಿಷ ಇರುತ್ತದೆ. ಅತಿ ದೊಡ್ಡ ಹಗಲಿಗೂ ಅದಕ್ಕೂ ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇ. ದೀಪಾವಳಿಯನ್ನು 'ಚಳಿಗಾಲದ ಕತ್ತಲನ್ನು ಓಡಿಸುವ ಹಬ್ಬ' ಅಂತ ಬರೆದದ್ದು ಕಂಡಾಗ ನನಗೆ ನಗು ಬರುತ್ತದೆ. ನಮ್ಮಲ್ಲಿ ಅದು ಮಳೆ ಹಿಂದೆಗೆದ ಕಾಲ. ಗದ್ದೆಯಲ್ಲಿ ಭತ್ತ ತೆನೆ ಬಿಟ್ಟಿರುತ್ತದೆ. ಚಳಿ ಇನ್ನೂ ಸರಿಯಾಗಿ ಶುರುವಾಗಿರುವುದಿಲ್ಲ.

ಒಂದು ಕುತೂಹಲದ ಸಂಗತಿ ಮಾತ್ರ ಇದೆ. ಬೆಂಗಳೂರಿನಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ಡಿಸೆಂಬರ್‌ನಲ್ಲಿ ಅಲ್ಲ, ನವೆಂಬರ್ ಮೂರನೇ ವಾರದ ಸುಮಾರಿಗೆ. ಅತಿ ತಡವಾಗಿ ಹುಟ್ಟುವುದು ಜನವರಿ ಕೊನೆಯ ವಾರದ ಹೊತ್ತಿಗೆ. ಕಾರ್ತಿಕದಲ್ಲಿ ನಾವು ಸಂಜೆ ದೀಪ ಹಚ್ಚುತ್ತೇವೆ. ಧನುರ್ಮಾಸದಲ್ಲಿ ಬೆಳಗಿನ ಜಾವ ಎದ್ದು ದೇವಸ್ಥಾನಕ್ಕೆ ಹೋಗಿ ಹುಗ್ಗಿ ತಿನ್ನುತ್ತೇವೆ. ಇದನ್ನು ಯೋಚಿಸಿಯೇ ಹೀಗೆ ಇಟ್ಟರು ಅಂತ ನಾನು ಹೇಳುತ್ತಿಲ್ಲ. ಹೊಂದಿಕೆ ಚೆನ್ನಾಗಿದೆ, ಅಷ್ಟೇ.

ಎಲ್ಲ ಹಬ್ಬದ ಅರ್ಥವೂ ಕೊನೆಗೆ ಒಂದೇ ಅಲ್ವಾ?

ಅಲ್ಲ. 'ಎಲ್ಲವೂ ಕತ್ತಲೆಯಿಂದ ಬೆಳಕಿಗೆ' ಅಂದುಬಿಟ್ಟರೆ ಭಾಷಣಕ್ಕೆ ಅನುಕೂಲ, ಆದರೆ ಹಬ್ಬಗಳು ಕಾಣದೆ ಹೋಗುತ್ತವೆ. ಅರ್ಥ ಬಿಡಿ, ನಿಯಮ ನೋಡಿ ಅಂತ ನಾನು ಹೇಳುತ್ತೇನೆ. ದೀಪ ಹಚ್ಚುವವರು ಯಾರು? ಎಲ್ಲಿ ಇಡುತ್ತಾರೆ? ಅದರ ಬೆಳಕಿನಲ್ಲಿ ಕೆಲಸ ಮಾಡಬಹುದೇ? ದಿನದಿಂದ ದಿನಕ್ಕೆ ಹೆಚ್ಚುತ್ತದೋ? ಮಲೆನಾಡಿನ ದೀಪಾವಳಿಯ ಅಂಟಿಗೆ-ಪಂಟಿಗೆಯ ದೀಪ ಮನೆಯಿಂದ ಮನೆಗೆ ನಡೆಯುತ್ತದೆ. ಯಹೂದಿಗಳ ಹನುಕ್ಕಾ ಹಬ್ಬದ ದೀಪ ಇಟ್ಟಲ್ಲಿಂದ ಕದಲಬಾರದು. ಒಂದು ಹಬ್ಬದ ದೀಪ ಮೇಲೆ ಬರುವ ಬಲಿ ಚಕ್ರವರ್ತಿಗೆ ಹಚ್ಚಿದ್ದು, ಮತ್ತೊಂದು ಹಬ್ಬದ್ದು ತೀರಿಹೋದ ಗುರುವಿಗೆ. ಮುಂದಿನ ಉತ್ತರಗಳಲ್ಲಿ ನಾನು ಗಮನ ಕೊಟ್ಟಿರುವುದು ಇಂಥವಕ್ಕೇ.

ತಾರೀಖು ಯಾಕೆ ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತೆ?

ಚಂದ್ರನ ಹನ್ನೆರಡು ತಿಂಗಳು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಈ 11 ದಿನವನ್ನು ಏನು ಮಾಡುತ್ತೀರಿ ಅನ್ನುವುದರ ಮೇಲೆ ಹಬ್ಬ ನಿಲ್ಲುತ್ತದೆ.

ನಾವು ಸುಮಾರು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತೇವೆ. 2025ರ ದೀಪಾವಳಿ ಅಕ್ಟೋಬರ್ 20ರ ಆಸುಪಾಸು ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಹಬ್ಬ ನವೆಂಬರ್ 8ರ ಸುಮಾರಿಗೆ ಹೋಗುತ್ತದೆ. ಯಹೂದಿಗಳು 19 ವರ್ಷಕ್ಕೆ ಏಳು ಸಲ ತಿಂಗಳು ಸೇರಿಸುತ್ತಾರೆ, ಆದ್ದರಿಂದ ಹನುಕ್ಕಾ ನವೆಂಬರ್ ಕೊನೆಯಿಂದ ಜನವರಿ ಮೊದಲವರೆಗೆ ಓಲಾಡುತ್ತದೆ, ಆಚೆ ಹೋಗುವುದಿಲ್ಲ. ಕ್ರಿಸ್‌ಮಸ್ ಸೂರ್ಯನ ಲೆಕ್ಕದ್ದು, ಕದಲುವುದಿಲ್ಲ. ಇಸ್ಲಾಮಿ ಪಂಚಾಂಗದಲ್ಲಿ ತಿಂಗಳು ಸೇರಿಸುವುದೇ ಇಲ್ಲ, ಹಾಗಾಗಿ ಅಲ್ಲಿನ ಹಬ್ಬಗಳು ಸುಮಾರು 33 ವರ್ಷದಲ್ಲಿ ಎಲ್ಲ ಋತುವನ್ನೂ ಒಂದು ಸುತ್ತು ಹಾಕಿ ಬರುತ್ತವೆ.

## ಒಂದೊಂದೇ ಹಬ್ಬ

ದೀಪಾವಳಿ ಅಂದ್ರೆ ರಾಮ ಅಯೋಧ್ಯೆಗೆ ವಾಪಸ್ ಬಂದ ದಿನ ತಾನೆ?

ಉತ್ತರ ಭಾರತದಲ್ಲಿ ಹೌದು. ಪುಸ್ತಕ, ಟೀವಿ ಎಲ್ಲ ಅದನ್ನೇ ಹೇಳುವುದರಿಂದ ನಮ್ಮ ಮಕ್ಕಳೂ ಈಗ ಅದನ್ನೇ ಹೇಳುತ್ತಾರೆ. ಕರ್ನಾಟಕದಲ್ಲಿ ಕತೆ ಬೇರೆ. ನೀರು ತುಂಬುವ ಹಬ್ಬದಿಂದ ಶುರು. ಮರುದಿನ ನರಕ ಚತುರ್ದಶಿ, ಎಣ್ಣೆ ಸ್ನಾನ. ಆಮೇಲೆ ಅಮಾವಾಸ್ಯೆ, ಲಕ್ಷ್ಮೀಪೂಜೆ. ಕಾರ್ತಿಕದ ಮೊದಲ ದಿನ ಬಲಿಪಾಡ್ಯಮಿ. ನಮ್ಮ ಮಲೆನಾಡಿಗೆ, ಕರಾವಳಿಗೆ ಈ ಕೊನೆಯದೇ ನಿಜವಾದ ಹಬ್ಬ. ವಾಮನ ತುಳಿದು ಕೆಳಗೆ ಕಳಿಸಿದ ಬಲಿ ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಲು ಬರುತ್ತಾನೆ. ಅವನಿಗೆ ದಾರಿ ಕಾಣಲಿ ಅಂತ ದೀಪ. ಯೋಚಿಸಿ, ಸೋತ ರಾಜನಿಗೆ ಹಚ್ಚುವ ದೀಪ ಇದು.

ತುಳುನಾಡಿನಲ್ಲಿ ಅಂಗಳದಲ್ಲಿ ಪಾಲೆ ಮರದ ಕಂಬ ನೆಟ್ಟು, ಹೂ ಕಟ್ಟಿ, ದೀಪ ಇಟ್ಟು, ಗದ್ದೆಗೂ ದೀಪ ತೋರಿಸಿ ಬಲೀಂದ್ರನನ್ನು 'ಕೂ' ಹಾಕಿ ಕರೆಯುತ್ತಾರೆ. ಒಂದು ಮನೆಯ ಕೂಗಿಗೆ ಗದ್ದೆಯಾಚೆಯ ಮನೆಯ ಕೂಗು ಓಗೊಡುತ್ತದೆ.

ನಮ್ಮ ಕಡೆ ಅಂಟಿಗೆ-ಪಂಟಿಗೆ. ಊರಿನ ಗಂಡಸರ ತಂಡ ಒಂದು ದೀಪ ಹಿಡಿದು, ಹಾಡು ಹೇಳುತ್ತಾ ರಾತ್ರಿಯಿಡೀ ಮನೆಮನೆಗೆ ಬರುತ್ತದೆ. ಮನೆಯಾಕೆ ಆ ದೀಪದಿಂದ ತನ್ನ ದೀಪ ಹಚ್ಚಿಕೊಂಡು, ಅವರ ದೀಪಕ್ಕೆ ಎಣ್ಣೆ ಎರೆಯುತ್ತಾಳೆ. ಅಕ್ಕಿ, ಅಡಿಕೆ, ಕಜ್ಜಾಯ, ಕಾಸು ಕೊಡುತ್ತಾಳೆ. ದೀಪ ಆರಬಾರದು. ಅದನ್ನು ಹಿಡಿದವನಿಗೆ ಬೇರೆ ಕೆಲಸವೇ ಇಲ್ಲ. ನಾನು ಚಿಕ್ಕವಳಿದ್ದಾಗ ಹಾಡು ದೂರದಲ್ಲಿ ಕೇಳಿದ ಕೂಡಲೇ ಎದ್ದು ಕೂರುತ್ತಿದ್ದೆ. ತೋಟದ ನಡುವೆ ಒಂದೇ ಒಂದು ಬೆಳಕು ನಡೆದು ಬರುವುದು ಕಾಣುತ್ತಿತ್ತು. ಆಮೇಲೆ ನಿದ್ದೆ ಬರುತ್ತಿರಲಿಲ್ಲ.

ಲಂಬಾಣಿ ತಾಂಡಾಗಳಲ್ಲಿ ಅಮಾವಾಸ್ಯೆ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ, ಹಾಡಿ, ಹಿರಿಯರಿಗೆ ಒಳಿತು ಕೋರುತ್ತಾರೆ. ಅದಕ್ಕೆ 'ಮೇರಾ' ಎನ್ನುತ್ತಾರೆ. ನಡೆಯುವ ದೀಪ ಇಲ್ಲೂ ಇದೆ, ಹಿಡಿಯುವ ಕೈ ಮಾತ್ರ ಬೇರೆ.

ಜೈನರೂ ಅದೇ ದಿನ ದೀಪ ಹಚ್ತಾರಲ್ಲ, ಅವರಿಗೂ ಲಕ್ಷ್ಮಿನೇನಾ?

ಜೈನರಿಗೆ ಅದು ಮಹಾವೀರರ ನಿರ್ವಾಣದ ದಿನ. ಪರಂಪರೆಯ ಲೆಕ್ಕದಲ್ಲಿ ಕ್ರಿ.ಪೂ. 527, ಸ್ಥಳ ಬಿಹಾರದ ಪಾವಾಪುರಿ. ವೀರ ನಿರ್ವಾಣ ಶಕ ಎಣಿಸುವುದು ಅಲ್ಲಿಂದಲೇ. ಬೆಳಗಿನ ಜಾವ ಬಸದಿಗೆ ಹೋಗಿ ನಿರ್ವಾಣ ಲಾಡು ಅರ್ಪಿಸುತ್ತಾರೆ. ಕಲ್ಪಸೂತ್ರ ಎಂಬ ಜೈನ ಗ್ರಂಥ ಹೇಳುವಂತೆ, ಆ ರಾತ್ರಿ ಹದಿನೆಂಟು ರಾಜರು ಜ್ಞಾನದ ಬೆಳಕು ಹೋಯಿತು, ಈಗ ವಸ್ತುವಿನ ಬೆಳಕನ್ನಾದರೂ ಹಚ್ಚೋಣ ಎಂದರು. ಈ ದೀಪದಲ್ಲಿ ಗೆಲುವಿನ ಸದ್ದಿಲ್ಲ. ಕಳೆದುಕೊಂಡದ್ದಕ್ಕೆ ಬದಲಾಗಿ ಹಚ್ಚಿದ್ದು. ನನಗೆ ಈ ಕತೆ ಬಹಳ ಇಷ್ಟ.

ಇನ್ನೊಂದು ವಿಷಯ. ಕ್ರಿ.ಶ. 783ರಲ್ಲಿ ಜಿನಸೇನರು ಸಂಸ್ಕೃತದಲ್ಲಿ ಬರೆದ ಹರಿವಂಶ ಪುರಾಣದಲ್ಲಿ ಪಾವಾನಗರಿಯ ದೀಪಗಳ ಮಾತು ಬರುತ್ತದೆ. ಹಬ್ಬಕ್ಕೆ ಅಲ್ಲಿ 'ದೀಪಾಲಿಕಾ' ಎಂಬ ಹೆಸರಿದೆ.

ಸಿಖ್ಖರಿಗೆ ಅದು ಬೇರೆ ಹಬ್ಬವಾ?

ಹೆಸರು ಬೇರೆ: ಬಂದಿ ಛೋಡ್ ದಿವಸ್. ಆರನೇ ಗುರು ಹರಗೋಬಿಂದರನ್ನು ಜಹಾಂಗೀರ್ ಗ್ವಾಲಿಯರ್ ಕೋಟೆಯಲ್ಲಿ ಇಟ್ಟಿದ್ದ. ಬಿಡುಗಡೆಯಾಗುವಾಗ ಜೊತೆಯಲ್ಲಿದ್ದ 52 ರಾಜರನ್ನೂ ಬಿಡದೆ ತಾನು ಹೊರಡುವುದಿಲ್ಲ ಎಂದರಂತೆ ಗುರುಗಳು. ನಿನ್ನ ಬಟ್ಟೆ ಹಿಡಿದುಕೊಂಡವರಷ್ಟೇ ಹೋಗಬಹುದು ಎಂದಾಗ 52 ಕುಚ್ಚಿನ ನಿಲುವಂಗಿ ಹೊಲಿಸಿದರು ಎನ್ನುವುದು ಪರಂಪರೆಯ ಕತೆ. ಅಮೃತಸರದ ಸ್ವರ್ಣಮಂದಿರ ಅಂದು ದೀಪಗಳಿಂದ ತುಂಬುತ್ತದೆ. ಕರ್ನಾಟಕದಲ್ಲಿ ನೋಡಬೇಕಾದರೆ ಕಾರ್ತಿಕ ಹುಣ್ಣಿಮೆಗೆ, ಅಂದರೆ ಗುರುನಾನಕ್ ಜಯಂತಿಗೆ, ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ.

ಹನುಕ್ಕಾ ಅಂದ್ರೆ ಯಹೂದಿಗಳ ದೀಪಾವಳಿನಾ?

ಹಾಗೆ ಪರಿಚಯಿಸಿದರೆ ಕೇಳುವವರಿಗೆ ಬೇಗ ಅರ್ಥವಾಗುತ್ತದೆ, ಆದರೆ ಅರ್ಧ ತಪ್ಪು ಅರ್ಥವಾಗುತ್ತದೆ. ಕ್ರಿ.ಪೂ. 2ನೇ ಶತಮಾನದಲ್ಲಿ ನಾಲ್ಕನೇ ಆಂಟಿಯೋಕಸ್ ಎಂಬ ಗ್ರೀಕ್ ದೊರೆ ಜೆರುಸಲೇಮಿನ ದೇವಾಲಯವನ್ನು ಮೈಲಿಗೆ ಮಾಡಿದ. ಮಕ್ಕಬೀಯರು ಎಂಬ ಯಹೂದಿ ಮನೆತನದವರು ದಂಗೆ ಎದ್ದು ಅದನ್ನು ಮರಳಿ ಪಡೆದು, ಕ್ರಿ.ಪೂ. 164ರಲ್ಲಿ ಶುದ್ಧ ಮಾಡಿದರು. ಒಂದು ದಿನಕ್ಕಾಗುವಷ್ಟು ಎಣ್ಣೆ ಎಂಟು ದಿನ ಉರಿಯಿತು ಎನ್ನುವ ಕತೆ ಬರುವುದು ಬಹಳ ಕಾಲದ ನಂತರದ ಯಹೂದಿ ಶಾಸ್ತ್ರಗ್ರಂಥ ತಾಲ್ಮುದ್‌ನಲ್ಲಿ. ಮಕ್ಕಬೀಯರ ಪುಸ್ತಕಗಳಲ್ಲಿ ಅದಿಲ್ಲ.

ಈಗ ನಿಯಮ ನೋಡಿ, ಮಜಾ ಇರುವುದು ಅಲ್ಲೇ. ಮೊದಲ ಸಂಜೆ ಒಂದು ದೀಪ, ಎರಡನೇ ಸಂಜೆ ಎರಡು, ಎಂಟನೇ ಸಂಜೆ ಎಂಟು. ಇದರ ಮೇಲೆ ಹಳೆಯ ಜಗಳವಿದೆ. ಶಮ್ಮಾಯ್ ಪಂಥದವರು ಎಂಟರಿಂದ ಶುರುಮಾಡಿ ಇಳಿಸಬೇಕು ಎಂದರು. ಹಿಲ್ಲೇಲ್ ಪಂಥದವರು ಪವಿತ್ರವಾದದ್ದರಲ್ಲಿ ಏರಬೇಕೇ ಹೊರತು ಇಳಿಯಬಾರದು ಎಂದರು. ಗೆದ್ದದ್ದು ಹಿಲ್ಲೇಲ್. ಇನ್ನೊಂದು ನಿಯಮ: ಈ ದೀಪದ ಬೆಳಕನ್ನು ಯಾವ ಕೆಲಸಕ್ಕೂ ಬಳಸುವಂತಿಲ್ಲ. ಓದುವಂತಿಲ್ಲ, ಕಾಸು ಎಣಿಸುವಂತಿಲ್ಲ. ಸುಮ್ನೆ ನೋಡಬೇಕು. ಅದಕ್ಕೇ ಪಕ್ಕದಲ್ಲಿ ಒಂಬತ್ತನೆಯ ದೀಪ ಇರುತ್ತದೆ, 'ಶಮಾಶ್', ಅಂದರೆ ಸೇವಕ. ಉಳಿದವನ್ನು ಹಚ್ಚುವುದೂ ಅದೇ. ಸೇವಕನನ್ನೂ ಸೇರಿಸಿದರೆ ಎಂಟು ಸಂಜೆಗೆ ಒಟ್ಟು 44 ಮೇಣದಬತ್ತಿ ಬೇಕು, ಪೆಟ್ಟಿಗೆಯಲ್ಲಿ ಬರುವುದೂ ಅಷ್ಟೇ. ದೀಪವನ್ನು ಬಾಗಿಲ ಬಳಿ ಅಥವಾ ಕಿಟಕಿಯಲ್ಲಿ ಇಡಬೇಕು, ದಾರಿಹೋಕರಿಗೆ ಕಾಣಬೇಕು. ಪ್ರಾಣಭಯದ ಕಾಲದಲ್ಲಿ ಮಾತ್ರ ಒಳಗೆ ಮೇಜಿನ ಮೇಲೆ ಇಟ್ಟರೆ ಸಾಕು ಎಂದು ತಾಲ್ಮುದ್ ಹೇಳುತ್ತದೆ. ಆ ಒಂದು ಸಾಲಿನಲ್ಲಿ ಎಷ್ಟು ಚರಿತ್ರೆ ಇದೆ ನೋಡಿ.

ನಮ್ಮ ಪಕ್ಕದ ಕೊಂಕಣ ತೀರದಲ್ಲಿ ಬೆನೆ ಇಸ್ರೇಲ್ ಎಂಬ ಯಹೂದಿಗಳಿದ್ದಾರೆ. ಹಿಂದೆ ಅವರ ಕಸುಬು ಎಣ್ಣೆ ತೆಗೆಯುವುದಾಗಿತ್ತು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಸೋಮವಾರ ಗಾಣ ನಿಲ್ಲಿಸುವ ತೇಲಿಗಳು ಬೇರೆಯೇ ಇದ್ದರು.

ಸ್ವೀಡನ್‌ನಲ್ಲಿ ಪ್ರತಿ ಕಿಟಕಿಯಲ್ಲೂ ಏಳು ದೀಪದ ಸ್ಟ್ಯಾಂಡ್ ಇದೆ. ಅವರೆಲ್ಲ ಯಹೂದಿಗಳಾ?

ನಾನೂ ಮೊದಲ ವರ್ಷ ಹಾಗೇ ಅಂದುಕೊಂಡು ಪಕ್ಕದ ಮನೆಯಾಕೆಗೆ ಹನುಕ್ಕಾ ಶುಭಾಶಯ ಹೇಳಿದ್ದೆ. ಆಕೆ ಕಣ್ಣು ಬಿಟ್ಟಳು. ಅದು ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್ ದೀಪ. ಹಳೆಯ ಪದ್ಧತಿಯಲ್ಲಿ ನಾಲ್ಕು ಮೇಣದಬತ್ತಿ, ನಾಲ್ಕು ಭಾನುವಾರಕ್ಕೆ ಒಂದೊಂದು. ಏಳು ಬಲ್ಬಿನ ಗೋಪುರದಾಕಾರದ ಕರೆಂಟ್ ದೀಪ 1930ರ ದಶಕದಲ್ಲಿ ಬಂದು ಮನೆಮಾತಾಯಿತು. ಗುರುತು ಹೀಗೆ: ಮಧ್ಯ ಎತ್ತರವಾಗಿ ಎರಡೂ ಕಡೆ ಇಳಿದರೆ ಅಡ್ವೆಂಟ್. ಎಂಟು ದೀಪ, ಜೊತೆಗೊಂದು ಬೇರೆಯಾಗಿ ನಿಂತಿದ್ದರೆ ಹನುಕ್ಕಾ.

ಅಡ್ವೆಂಟ್‌ನ ದೀಪದ ಚಕ್ರವನ್ನು ಶುರುಮಾಡಿದ್ದು ಹ್ಯಾಂಬರ್ಗ್‌ನ ಪಾದ್ರಿ ಯೋಹಾನ್ ಹಿನ್‌ರಿಖ್ ವಿಖರ್ನ್, 1839ರಲ್ಲಿ. ಅವರ ಆಶ್ರಯದಲ್ಲಿದ್ದ ಬಡ ಮಕ್ಕಳು 'ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ?' ಎಂದು ಕೇಳಿ ಕೇಳಿ ತಲೆ ತಿನ್ನುತ್ತಿದ್ದರಂತೆ. ಗಾಡಿಯ ಚಕ್ರದ ಮೇಲೆ ದಿನಕ್ಕೊಂದು ದೀಪ ಹಚ್ಚಿ ಲೆಕ್ಕ ತೋರಿಸಿದರು. ಇದು ದೀಪದ ಕ್ಯಾಲೆಂಡರು.

ತಲೆ ಮೇಲೆ ಉರಿಯುವ ಮೇಣದಬತ್ತಿ ಇಟ್ಕೊಂಡು ಹುಡುಗಿಯರು ನಡೀತಾರಲ್ಲ, ಅದೇನು?

ಲೂಸಿಯಾ ಹಬ್ಬ, ಡಿಸೆಂಬರ್ 13. ಲೂಸಿಯಾ ಸಿಸಿಲಿಯ ಸಿರಾಕ್ಯೂಸ್ ಊರಿನ ಕ್ರೈಸ್ತ ಹುಡುಗಿ, ಕ್ರಿ.ಶ. 304ರಲ್ಲಿ ಹುತಾತ್ಮಳಾದಳು ಎನ್ನುತ್ತದೆ ಪರಂಪರೆ. ಹೆಸರು ಬಂದದ್ದು ಬೆಳಕು ಎನ್ನುವ ಲ್ಯಾಟಿನ್ ಮಾತಿನಿಂದ. ಬಿಸಿಲಿನ ಊರಿನ ಸಂತಳು ಹಿಮದ ನಾಡಿಗೆ ಬಂದು ಕೂತಳು, ಅದೂ ಸಂತರ ಪೂಜೆ ಬಿಟ್ಟ ಪ್ರಾಟೆಸ್ಟೆಂಟ್ ನಾಡಿಗೆ! ಇದಕ್ಕೆ ಪಂಚಾಂಗದ ಕಾರಣವಿದೆ. ಹಳೆಯ ಜೂಲಿಯನ್ ಲೆಕ್ಕ ಸುಮಾರು 128 ವರ್ಷಕ್ಕೆ ಒಂದು ದಿನ ತಪ್ಪುತ್ತಿತ್ತು. 14ನೇ ಶತಮಾನದ ಹೊತ್ತಿಗೆ ಅತಿ ಉದ್ದದ ರಾತ್ರಿ ಡಿಸೆಂಬರ್ 13ರ ಸುಮಾರಿಗೆ ಬೀಳುತ್ತಿತ್ತು. ಸ್ವೀಡನ್ 1753ರಲ್ಲಿ ಹೊಸ ಲೆಕ್ಕಕ್ಕೆ ಬದಲಾಯಿತು. ರಾತ್ರಿ ಜಾಗ ಬದಲಿಸಿತು, ಲೂಸಿಯಾ ಕೂತಲ್ಲೇ ಉಳಿದಳು.

ಬೆಳಗಿನ ಜಾವ ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ತಲೆಗೆ ದೀಪದ ಕಿರೀಟ. ಹಿಂದೆ ಹಾಡುತ್ತಾ ಬರುವ ಮಕ್ಕಳ ಸಾಲು. ಕೇಸರಿ ಹಾಕಿದ ಹಳದಿ ಬನ್ನು, ಸುರುಳಿ ಆಕಾರ, ಮೇಲೆ ಎರಡು ಒಣದ್ರಾಕ್ಷಿ. ಈಗ ಹೆಚ್ಚಿನ ಕಿರೀಟಕ್ಕೆ ಬ್ಯಾಟರಿ ದೀಪ. ನಾನು ನೋಡಿದ ಒಂದು ಮೆರವಣಿಗೆಯಲ್ಲಿ ನಿಜವಾದ ಮೇಣದಬತ್ತಿ ಇತ್ತು. ಹುಡುಗಿಯ ಕೂದಲಿನ ಮೇಲೆ ಒದ್ದೆ ಬಟ್ಟೆ ಹಾಕಿದ್ದರು. ಅವಳು ಕತ್ತು ಅಲುಗಿಸದೆ ಹಾಡಿದಳು. ನನಗೆ ಅಂಟಿಗೆ-ಪಂಟಿಗೆಯ ದೀಪ ಹಿಡಿದವನ ನಡಿಗೆ ನೆನಪಾಯಿತು.

ಕ್ರಿಸ್‌ಮಸ್ ನಕ್ಷತ್ರ ಮತ್ತೆ ನಮ್ಮ ಆಕಾಶಬುಟ್ಟಿ ಒಂದೇ ಥರ ಇದೆಯಲ್ಲ?

ಬಿದಿರಿನ ಕಡ್ಡಿ, ಬಣ್ಣದ ಕಾಗದ, ಒಳಗೆ ದೀಪ. ಕೈಕೆಲಸ ಒಂದೇ. ಮಂಗಳೂರಿನಲ್ಲಿ ದೀಪಾವಳಿಗೆ ಗೂಡುದೀಪ ತೂಗುತ್ತದೆ, ಡಿಸೆಂಬರ್‌ಗೆ ಗೋದಲಿಯ ಮೇಲೆ ನಕ್ಷತ್ರ. ಮೂಲ ಬೇರೆ ಬೇರೆ. ಕಾರ್ತಿಕದ ಆಕಾಶದೀಪ ಹಿರಿಯರಿಗೆ ದಾರಿ ತೋರಲು ಎಂಬ ನಂಬಿಕೆ ಇದೆ. ಕ್ರಿಸ್‌ಮಸ್ ನಕ್ಷತ್ರ ಪೂರ್ವದ ಜ್ಞಾನಿಗಳನ್ನು ಬೆತ್ಲೆಹೇಮಿಗೆ ಕರೆದೊಯ್ದ ತಾರೆಯ ನೆನಪು. ಕಾಗದದ ಮೊನಚು ನಕ್ಷತ್ರಕ್ಕೆ ಜರ್ಮನಿಯಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಥದ ಶಾಲೆಯೊಂದು ತವರು. 19ನೇ ಶತಮಾನದ ಮೊದಲ ಅರ್ಧದಲ್ಲಿ ಮಕ್ಕಳಿಗೆ ರೇಖಾಗಣಿತ ಕಲಿಸಲು ಮಾಡಿಸಿದ್ದು ಎನ್ನುತ್ತಾರೆ.

ಇಸ್ಲಾಂನಲ್ಲಿ ಚಳಿಗಾಲದ ದೀಪದ ಹಬ್ಬ ಯಾವುದು?

ಋತುವಿಗೆ ಕಟ್ಟಿದ ಹಬ್ಬವೇ ಅಲ್ಲಿಲ್ಲ, ಕಾರಣ ಮೇಲೆ ಹೇಳಿದ ಪಂಚಾಂಗ. ಎಲ್ಲ ಧರ್ಮಕ್ಕೂ ಒಂದೊಂದು ಇರಲೇಬೇಕು ಎಂದು ಪಟ್ಟಿ ತುಂಬಿಸಲು ಹೋಗಬೇಡಿ. ಬೆಳಕು ಮಾತ್ರ ಬೇಕಾದಷ್ಟಿದೆ. ಕುರಾನಿನ 24ನೇ ಅಧ್ಯಾಯದ ಹೆಸರೇ 'ನೂರ್', ಬೆಳಕು. ಅದರ 35ನೇ ವಚನದಲ್ಲಿ ಗೂಡಿನೊಳಗೆ ಗಾಜು, ಗಾಜಿನೊಳಗೆ ದೀಪ, ಆಲಿವ್ ಎಣ್ಣೆಯ ಹೋಲಿಕೆ ಬರುತ್ತದೆ. ಕೈರೋದಲ್ಲಿ ರಂಜಾನ್ ತಿಂಗಳಿಗೆ 'ಫಾನೂಸ್' ಎಂಬ ಬಣ್ಣದ ಲಾಂದ್ರ ಬೀದಿ ತುಂಬುತ್ತದೆ. 2030ರಲ್ಲಿ ರಂಜಾನ್ ಎರಡು ಸಲ ಶುರುವಾಗುತ್ತದೆ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೆ ಮತ್ತೊಮ್ಮೆ. ಆಗ ಆ ಲಾಂದ್ರಗಳು ಚಳಿಗಾಲದ ದೀಪಗಳೇ.

ಇರಾನಿನ ಯಲ್ದಾದಲ್ಲೂ ದೀಪ ಹಚ್ತಾರಾ?

ಹಚ್ಚುತ್ತಾರೆ, ಆದರೆ ಅಲ್ಲಿ ದೀಪಕ್ಕಿಂತ ಎಚ್ಚರ ಮುಖ್ಯ. ಅತಿ ಉದ್ದದ ರಾತ್ರಿ ಮನೆಮಂದಿಯೆಲ್ಲ ಹಿರಿಯರ ಮನೆಯಲ್ಲಿ ಸೇರಿ, ದಾಳಿಂಬೆ, ಕಲ್ಲಂಗಡಿ ತಿನ್ನುತ್ತಾ, ಹಾಫಿಜ್ ಕವಿಯ ಪದ್ಯ ತೆರೆದು ಶಕುನ ನೋಡುತ್ತಾ ಜಾಗರಣೆ ಮಾಡುತ್ತಾರೆ. 2022ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನಮ್ಮ ಶಿವರಾತ್ರಿಯಿಂದ ಉಪವಾಸ ಕಳೆದ ಹಾಗೆ ಅಂದುಕೊಳ್ಳಿ.

## ಮನೆಯಲ್ಲಿ, ಪರವೂರಿನಲ್ಲಿ

ಬಾಡಿಗೆ ಮನೆಯಲ್ಲಿ ದೀಪ ಹಚ್ಚಿದ್ರೆ ಹೊಗೆ ಅಲಾರಂ ಹೊಡ್ಕೊಳ್ಳುತ್ತೆ. ಏನ್ ಮಾಡ್ಲಿ?

ನನ್ನ ಮೊದಲ ದೀಪಾವಳಿಗೆ ಇಡೀ ಕಟ್ಟಡದವರು ಚಪ್ಪಲಿ ಹಾಕಿಕೊಂಡು ಹಿಮದಲ್ಲಿ ನಿಂತಿದ್ದರು. ದೀಪದ ತಪ್ಪಲ್ಲ, ಪಕ್ಕದಲ್ಲಿ ಹಚ್ಚಿದ ಧೂಪದ್ದು. ಧೂಪ, ಕರ್ಪೂರ ಬಾಲ್ಕನಿಗೆ. ಅಲಾರಂ ಬಾಯಿಗೆ ಬಟ್ಟೆ ಕಟ್ಟಬೇಡಿ. ಬತ್ತಿ ಚಿಕ್ಕದಿರಲಿ, ಉದ್ದ ಬತ್ತಿಯೇ ಮಸಿ ಕಾರುವುದು. ಮಣ್ಣಿನ ಹಣತೆಯನ್ನು ಹಿಂದಿನ ದಿನ ನೀರಿನಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಎಣ್ಣೆಯೆಲ್ಲ ಅದೇ ಕುಡಿಯುತ್ತದೆ. ಅಡಿಗೆ ಒಂದು ತಟ್ಟೆ ಇಡಿ. ಪರದೆಯಿಂದ ದೂರ ಇಡಿ, ಕೆಳಗಿನ ಹೀಟರ್ ಗಾಳಿಗೆ ಪರದೆ ಅಲ್ಲಾಡುತ್ತಿರುತ್ತದೆ.

ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ತುಪ್ಪವೂ ಅಷ್ಟೇ. ಚಳಿ ದೇಶದ ಬಾಲ್ಕನಿಗೆ ಎಳ್ಳೆಣ್ಣೆಯೇ ಸರಿ.

ಯಹೂದಿ ಗೆಳೆಯರು ದೀಪ ಹಚ್ಚೋದಕ್ಕೆ ಕರೆದಿದ್ದಾರೆ. ಏನು ತಗೊಂಡು ಹೋಗ್ಲಿ, ಏನು ಮಾಡಬಾರದು?

ಹಣ್ಣು ಅಥವಾ ಹೂ ಒಯ್ಯಿರಿ. ಅವರು ಆಹಾರದ ಕಟ್ಟುಪಾಡು ಪಾಲಿಸುವವರಾದರೆ ನೀವು ಮಾಡಿದ ಚಕ್ಕುಲಿ ತಿನ್ನಲಾಗದೆ ಮುಜುಗರ ಪಡುತ್ತಾರೆ. ಅವರ ಮನೆಯಲ್ಲಿ ಆಲೂಗಡ್ಡೆ ವಡೆ ಥರದ್ದು, ಜಾಮ್ ತುಂಬಿದ ಕರಿದ ಬನ್ನು ಸಿಗುತ್ತದೆ. ಎಲ್ಲ ಎಣ್ಣೆಯ ನೆನಪಿಗೆ. ಅಲ್ಲಿಂದ ಮೇಣದಬತ್ತಿ ತೆಗೆದು ಇನ್ನೊಂದಕ್ಕೆ ಹಚ್ಚಲು ಹೋಗಬೇಡಿ. ಊದಿ ಆರಿಸಬೇಡಿ, ಅವು ತಾವಾಗಿ ಮುಗಿಯಬೇಕು. ನಮಗಿದು ಹೊಸದಲ್ಲ. ನಮ್ಮಜ್ಜಿ 'ದೀಪ ಆರಿಸು' ಎಂಬ ಮಾತನ್ನೇ ಆಡುತ್ತಿರಲಿಲ್ಲ, 'ದೊಡ್ಡದು ಮಾಡು' ಎನ್ನುತ್ತಿದ್ದರು.

ನವೆಂಬರ್ ಬಂದ್ರೆ ಮನಸ್ಸಿಗೆ ಒಂಥರಾ ಮಂಕು. ದೀಪ ಹಚ್ಚಿದ್ರೆ ಸರಿಹೋಗುತ್ತಾ?

ಮನೆ ಚೆಂದವಾಗುತ್ತದೆ, ಕಾಯಿಲೆ ವಾಸಿಯಾಗುವುದಿಲ್ಲ. ಋತುವಿನೊಂದಿಗೆ ಬರುವ ಖಿನ್ನತೆಯನ್ನು 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು ವಿವರಿಸಿದರು. ಅದಕ್ಕೆ ಬಳಸುವ ದೀಪದ ಪೆಟ್ಟಿಗೆಯ ಬೆಳಕು ಸಾಮಾನ್ಯವಾಗಿ 10,000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ), ಬೆಳಿಗ್ಗೆ ಅರ್ಧ ಗಂಟೆ. ಒಂದು ಮೇಣದಬತ್ತಿ ಒಂದು ಮೀಟರ್ ದೂರಕ್ಕೆ ಕೊಡುವುದು ಸುಮಾರು 1 ಲಕ್ಸ್. ಲೆಕ್ಕ ನೀವೇ ಹಾಕಿ. ಮಂಕು ಎರಡು ವಾರ ದಾಟಿದರೆ, ನಿದ್ದೆ ಊಟ ಕೆಟ್ಟರೆ ಡಾಕ್ಟರ ಹತ್ತಿರ ಹೋಗಿ. ಅಲ್ಲಿಯವರೆಗೆ ಮಧ್ಯಾಹ್ನ ಹನ್ನೆರಡಕ್ಕೆ ಎಷ್ಟೇ ಚಳಿ ಇರಲಿ ಹೊರಗೆ ನಡೆಯಿರಿ. ಮೋಡದ ಹಗಲೂ ಮನೆಯ ಬಲ್ಬಿಗಿಂತ ಎಷ್ಟೋ ಪಾಲು ಪ್ರಖರ.

ನಾವಿರೋದು ಮೆಲ್ಬರ್ನ್‌ನಲ್ಲಿ. ದೀಪಾವಳಿಗೆ ಇಲ್ಲಿ ರಾತ್ರಿ ಎಂಟಾದ್ರೂ ಬೆಳಕು. ಯಾವಾಗ ಹಚ್ಚೋದು?

ನಿಮ್ಮ ಊರಿನ ಸೂರ್ಯ ಮುಳುಗಿದ ಮೇಲೆ. ಪ್ರದೋಷ ಕಾಲ ಲೆಕ್ಕ ಹಾಕುವುದು ಇದ್ದೂರಿನ ಸೂರ್ಯಾಸ್ತದಿಂದ, ಬೆಂಗಳೂರಿನ ಗಡಿಯಾರದಿಂದಲ್ಲ. ಊರಿಗೆ ಫೋನ್ ಮಾಡಿ 'ಅಮ್ಮಾ, ಹಚ್ಚಿದ್ರಾ?' ಎಂದು ಕೇಳಿದರೆ ಅಲ್ಲಿ ಇನ್ನೂ ಮಧ್ಯಾಹ್ನ. ಮಕ್ಕಳು ನಿದ್ದೆಗೆ ಜಾರುವವರಾದರೆ ಒಂದು ದೀಪ ಮುಂಚೆ ಹಚ್ಚಿಸಿ ಮಲಗಿಸಿ, ಯಾರೂ ಬೇಡ ಅನ್ನುವುದಿಲ್ಲ.

## ಇನ್ನೂ ಸ್ವಲ್ಪ ಒಳಗೆ

ಉತ್ತರಾಯಣ ಡಿಸೆಂಬರ್‌ಗೆ ಶುರುವಾದ್ರೆ ಸಂಕ್ರಾಂತಿ ಯಾಕೆ ಜನವರಿಯಲ್ಲಿ?

ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೊನೆಯುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ನಮ್ಮ ಪಂಚಾಂಗ ಮಕರ ರಾಶಿಯನ್ನು ನಕ್ಷತ್ರಗಳ ಲೆಕ್ಕದಲ್ಲಿ ಹಿಡಿಯುತ್ತದೆ, ಋತುವಿನ ಲೆಕ್ಕದಲ್ಲಲ್ಲ. ಹಾಗಾಗಿ ಸುಮಾರು 72 ವರ್ಷಕ್ಕೆ ಒಂದು ದಿನ ಸಂಕ್ರಾಂತಿ ಮುಂದೆ ಸರಿಯುತ್ತದೆ. ಸರಿಸುಮಾರು 1,700 ವರ್ಷದ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಲೂಸಿಯಾಳಿಗೆ ಆದದ್ದೂ ಹೆಚ್ಚು ಕಡಿಮೆ ಇದೇ, ಹಬ್ಬ ಒಂದು ಕಡೆ, ಸೂರ್ಯ ಇನ್ನೊಂದು ಕಡೆ. ಅಲ್ಲಿ ತಪ್ಪಿದ್ದು ಪಂಚಾಂಗ, ಇಲ್ಲಿ ತೊನೆದದ್ದು ಭೂಮಿ.

ಡಿಸೆಂಬರ್ 25 ಮೊದಲು ಸೂರ್ಯನ ಹಬ್ಬ ಆಗಿತ್ತಂತೆ, ನಿಜವಾ?

ಅಷ್ಟು ಸಲೀಸಲ್ಲ. ಯೇಸು ಹುಟ್ಟಿದ ತಾರೀಖು ಬೈಬಲ್‌ನಲ್ಲಿಲ್ಲ. ರೋಮಿನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗ ಸಂಪುಟದಲ್ಲಿ ಡಿಸೆಂಬರ್ 25ಕ್ಕೆ ಯೇಸುವಿನ ಜನನವೂ ಇದೆ, 'ಅಜೇಯ'ನ ಹುಟ್ಟುಹಬ್ಬವೂ ಇದೆ. ಅಜೇಯ ಎಂದರೆ ಸೂರ್ಯ ಎಂದು ಸಾಮಾನ್ಯವಾಗಿ ಓದುತ್ತಾರೆ. ಕ್ರೈಸ್ತರು ಸೂರ್ಯನ ದಿನವನ್ನು ತಮ್ಮದಾಗಿಸಿಕೊಂಡರು ಎನ್ನುವುದು ಒಂದು ವಾದ. ಯೇಸು ಗರ್ಭಕ್ಕೆ ಬಂದದ್ದು ಮಾರ್ಚ್ 25 ಎಂದು ಎಣಿಸಿ, ಒಂಬತ್ತು ತಿಂಗಳು ಕೂಡಿಸಿದರು ಎನ್ನುವುದು ಇನ್ನೊಂದು. ನನಗೆ ಎರಡನೆಯದು ಹೆಚ್ಚು ಸಹಜ ಅನ್ನಿಸುತ್ತದೆ, ಲೆಕ್ಕ ಹಾಕುವ ಪುರೋಹಿತರನ್ನು ನೋಡುತ್ತಾ ಬೆಳೆದದ್ದಕ್ಕೋ ಏನೋ.

ಅಮಾವಾಸ್ಯೆಯ ಕತ್ತಲಿಗೇ ದೀಪ ಅನ್ನೋ ನಿಯಮ ಎಲ್ಲಾದ್ರೂ ಇದೆಯಾ?

ನಿಯಮವಿಲ್ಲ, ಒಲವಿದೆ. ದೀಪಾವಳಿ ಅಮಾವಾಸ್ಯೆಗೆ. ಹನುಕ್ಕಾ ಯಹೂದಿ ಪಂಚಾಂಗದ ಕಿಸ್ಲೇವ್ ತಿಂಗಳ 25ರಿಂದ ಎಂಟು ದಿನ, ಅಂದರೆ ಚಂದ್ರನಿಲ್ಲದ ರಾತ್ರಿಗಳು ಅದರೊಳಗೇ ಬರುತ್ತವೆ. ಟಿಬೆಟಿಯನ್ನರ ಗಾದೆನ್ ನಾಮ್‌ಚೋ ಹತ್ತನೇ ತಿಂಗಳ 25ಕ್ಕೆ. 1409ರಲ್ಲಿ ಗಾದೆನ್ ವಿಹಾರ ಕಟ್ಟಿದ ಗುರು ತ್ಸೊಂಖಪಾ 1419ರಲ್ಲಿ ತೀರಿಕೊಂಡದ್ದರ ನೆನಪು. ಅದನ್ನು ನೋಡಲು ಲ್ಹಾಸಾಕ್ಕೆ ಹೋಗಬೇಕಿಲ್ಲ. ಗಾದೆನ್ ಈಗ ನಮ್ಮ ಉತ್ತರ ಕನ್ನಡದ ಮುಂಡಗೋಡಿನಲ್ಲೂ ಇದೆ, ಸೆರಾ ವಿಹಾರ ಬೈಲಕುಪ್ಪೆಯಲ್ಲಿ. ಅಂದು ಸಂಜೆ ಚಾವಣಿ, ಕಿಟಕಿಗಳ ಮೇಲೆಲ್ಲ ದೀಪ. 2024ರ ಡಿಸೆಂಬರ್ 25ಕ್ಕೆ ಮೂರೂ ಸೇರಿಬಿಟ್ಟವು: ಕ್ರಿಸ್‌ಮಸ್, ಹನುಕ್ಕಾದ ಮೊದಲ ಸಂಜೆ, ನಾಮ್‌ಚೋ.

ಎದುರು ಉದಾಹರಣೆಗಳೂ ಬೇಕಾದಷ್ಟಿವೆ. ತಿರುವಣ್ಣಾಮಲೈ ಬೆಟ್ಟದ ತುದಿಯ ಕಾರ್ತಿಗೈ ದೀಪ ಹುಣ್ಣಿಮೆಯ ಸುಮಾರಿಗೆ. ಥಾಯ್ಲೆಂಡಿನವರು ನೀರಿನಲ್ಲಿ ದೀಪ ತೇಲಿಬಿಡುವ ಲೋಯ್ ಕ್ರಾತೋಂಗ್ ಕೂಡ ಹುಣ್ಣಿಮೆಗೇ.

ಕಾರ್ತಿಕ ಅನ್ನೋ ಹೆಸರು ಎಲ್ಲಿಂದ ಬಂತು? ಆ ನಕ್ಷತ್ರ ನಮಗೆ ಕಾಣುತ್ತಾ?

ಆ ತಿಂಗಳ ಹುಣ್ಣಿಮೆ ಚಂದ್ರ ಕೃತ್ತಿಕಾ ನಕ್ಷತ್ರದ ಹತ್ತಿರ ಇರುತ್ತಾನೆ, ಅದಕ್ಕೇ ಕಾರ್ತಿಕ. ರೈತರಿಗೆ ಇದು ಮೇ ತಿಂಗಳ ಕೃತ್ತಿಕೆ ಮಳೆಯ ನಕ್ಷತ್ರವೂ ಹೌದು. ಆಗ ಸೂರ್ಯ ಅಲ್ಲಿರುವುದರಿಂದ ನಕ್ಷತ್ರ ಕಾಣುವುದಿಲ್ಲ. ಆರು ತಿಂಗಳ ನಂತರ ಸೂರ್ಯನ ಎದುರಿಗೆ ಬಂದು ಇಡೀ ರಾತ್ರಿ ಕಾಣುತ್ತದೆ. ನ್ಯೂಜಿಲೆಂಡಿನ ಮಾವೊರಿ ಜನ ಇದೇ ಗೊಂಚಲನ್ನು 'ಮಾತಾರಿಕಿ' ಎನ್ನುತ್ತಾರೆ. ಅವರ ನಡುಚಳಿಗಾಲದಲ್ಲಿ, ಜೂನ್-ಜುಲೈಯಲ್ಲಿ, ಅದು ಬೆಳಗಿನ ಜಾವ ಮತ್ತೆ ಮೂಡಿದಾಗ ತೀರಿಕೊಂಡವರನ್ನು ನೆನೆದು ಹೊಸ ವರ್ಷ ಶುರುಮಾಡುತ್ತಾರೆ. 2022ರಿಂದ ಅಲ್ಲಿ ಸರ್ಕಾರಿ ರಜೆಯೂ ಇದೆ.

ನೋಡುವುದು ಸುಲಭ. ನವೆಂಬರ್‌ನಲ್ಲಿ ರಾತ್ರಿ ಎಂಟೂವರೆ ಸುಮಾರಿಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಅಂಗಳದ ಲೈಟು ಆರಿಸಿ, ಹಣತೆ ಇದ್ದರೆ ಬೆನ್ನ ಹಿಂದೆ ಇರಲಿ. ಕೆಂಪಗೆ ಹೊಳೆಯುವ ರೋಹಿಣಿ ಸಿಗುತ್ತದೆ. ಅದರ ಮೇಲೆ, ಚಾಚಿದ ಕೈಯ ಸುಮಾರು ಒಂದೂವರೆ ಮುಷ್ಟಿಯಷ್ಟು ಅಂತರದಲ್ಲಿ, ಮಂಜು ಕವಿದಂತೆ ಒಂದು ಪುಟ್ಟ ಗೊಂಚಲು. ನೇರ ದಿಟ್ಟಿಸಿದರೆ ಮಸುಕು, ಸ್ವಲ್ಪ ಪಕ್ಕಕ್ಕೆ ನೋಡಿದರೆ ಸ್ಪಷ್ಟ. ಆರು ಎಣಿಸಲು ಆದರೆ ನಿಮ್ಮ ಕಣ್ಣು ಚೆನ್ನಾಗಿದೆ.